ಬೆಳೆದವನೇ ಬಡಿಸುವ ವೈನು

ವಿಯೆನ್ನಾದ ‘ಡಿ’ ಟ್ರಾಮು ಊರ ನಡುವಿನ ಒಪೆರಾ, ಸಂಸತ್ ಭವನ, ವಿಶ್ವವಿದ್ಯಾಲಯಗಳನ್ನು ಬಳಸಿಕೊಂಡು ಉತ್ತರಕ್ಕೆ ಹೊರಟು ನುಸ್‌ಡಾರ್ಫ್ ಎಂಬಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿ ಇಳಿದು ಒಂದಿಷ್ಟು ಏರು ಹತ್ತಿದರೆ ಸಾಕು, ಮನೆಗಳ ಸಾಲು ಮುಗಿದು ದ್ರಾಕ್ಷಿ ಬಳ್ಳಿಗಳ ಸಾಲು ಶುರುವಾಗುತ್ತದೆ. ಕೆಳಗೆ ಡಾನ್ಯೂಬ್ ನದಿ, ಆಚೆ ದಡದಲ್ಲಿ ಗಗನಚುಂಬಿ ಕಟ್ಟಡಗಳು, ಈಚೆ ಇಳಿಜಾರಿನಲ್ಲಿ ಬಳ್ಳಿ ಸವರುವ ರೈತ. ಇಪ್ಪತ್ತು ಲಕ್ಷ ಜನ ವಾಸಿಸುವ ಈ ರಾಜಧಾನಿ ತನ್ನ ಗಡಿಯೊಳಗೇ ಸುಮಾರು 600 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 1,500 ಎಕರೆಯಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಸುಗ್ಗಿ, ಸಾಲ, ಆಲಿಕಲ್ಲಿನ ಭಯ ಎಲ್ಲವೂ ಇರುವ ಅಪ್ಪಟ ಬೇಸಾಯ ಇದು.

ರಜೆಯ ದಿನ ನಾಲ್ಕಾರು ಗೆಳೆಯರು ಕೂಡಿ ಈ ದಾರಿ ಹಿಡಿಯುವುದು ವಿಯೆನ್ನಾದವರ ಹಳೆಯ ಅಭ್ಯಾಸ. ನುಸ್‌ಡಾರ್ಫ್‌ನಿಂದ ಕಾಲೆನ್‌ಬೆರ್ಗ್ ಗುಡ್ಡ ಹತ್ತಿ ಇಳಿಯಲು ನಗರಾಡಳಿತವೇ ಗುರುತು ಹಾಕಿಸಿದ ಕಾಲುದಾರಿಯಿದೆ. ಒಟ್ಟು ಸುಮಾರು 11 ಕಿಲೋಮೀಟರ್ ನಡಿಗೆ. ದಾರಿಯ ಊರುಗಳಲ್ಲಿ ಯಾವುದಾದರೂ ಮನೆಯ ಹೆಬ್ಬಾಗಿಲ ಮೇಲೆ ಕೋಲಿಗೆ ಕಟ್ಟಿದ ಪೈನ್ ಅಥವಾ ಫರ್ ಟೊಂಗೆಯ ಗೊಂಚಲು ಕಂಡರೆ ಒಳಗೆ ವೈನು ಉಂಟು ಎಂದು ಲೆಕ್ಕ. ಟೊಂಗೆ ಇಲ್ಲದಿದ್ದರೆ ಮನೆಯವರು ತೋಟದ ಕೆಲಸದಲ್ಲಿರುತ್ತಾರೆ, ಸರದಿ ಪಕ್ಕದವರದು. ಹೊಯ್ರಿಗರ್ ಎಂದು ಕರೆಯುವ ಈ ಮನೆಗಳಲ್ಲಿ ಬಡಿಸುವುದು ಅವರದೇ ತೋಟದ ಹಣ್ಣಿನಿಂದ ಅವರದೇ ನೆಲಮಾಳಿಗೆಯಲ್ಲಿ ಹುದುಗಿದ ವೈನನ್ನು. ಆ ಸಾಲಿನ ಹೊಸ ವೈನಿಗೂ ಅದೇ ಹೆಸರು.

ಅಂಗಳದಲ್ಲಿ ಹಾಕಿದ ಉದ್ದನೆಯ ಮರದ ಮೇಜು, ವಾಲ್‌ನಟ್ ಅಥವಾ ಚೆಸ್ಟ್‌ನಟ್ ಮರದ ನೆರಳು, ಹಿಡಿಯಿರುವ ದಪ್ಪ ಗಾಜಿನ ಲೋಟ. ನೋಡುವವರಿಗೆ ಇದು ನೆಮ್ಮದಿಯ ಒಂದು ಸಂಜೆ, ಅಷ್ಟೆ. ಆದರೆ ಆ ಮೇಜಿನ ಬುಡದಲ್ಲಿ ರೈತನ ಹಕ್ಕೊಂದರ ಕಥೆಯಿದೆ. ಬೆಳೆದದ್ದನ್ನು ತನ್ನ ಬಾಗಿಲಲ್ಲೇ, ತಾನು ಹೇಳಿದ ಬೆಲೆಗೆ ಮಾರುವ ಹಕ್ಕು ಅದು. ಅದು ಬರಹಕ್ಕೆ ಇಳಿದದ್ದು ಒಂದು ಜಗಳದಿಂದ.

ಜಗಳಕ್ಕೂ ಹಿಂದಿನದ್ದನ್ನು ಬೇಗ ಹೇಳಿ ಮುಗಿಸಬಹುದು. ಡಾನ್ಯೂಬ್ ದಡಕ್ಕೆ ರೋಮನ್ ಸೈನ್ಯ ಬಂದು ಬೀಡುಬಿಟ್ಟ ಕಾಲದಲ್ಲೇ ಇಲ್ಲಿ ದ್ರಾಕ್ಷಿ ಇತ್ತು. ಮೂರನೇ ಶತಮಾನದ ಚಕ್ರವರ್ತಿ ಪ್ರೋಬಸ್ ಈ ಪ್ರಾಂತ್ಯಗಳಲ್ಲಿ ಬಳ್ಳಿ ನೆಡಲು ಅನುಮತಿ ಕೊಟ್ಟನೆಂದು ಆಸ್ಟ್ರಿಯಾದ ರೈತರು ಇಂದಿಗೂ ಅವನನ್ನು ನೆನೆಯುತ್ತಾರೆ. ಮಧ್ಯಯುಗದಲ್ಲಿ ತೋಟಗಳು ಮಠಗಳ ಕೈಗೆ ಹೋದವು. ವಿಯೆನ್ನಾದ ಅಂಚಿನಲ್ಲಿ 1114ರಲ್ಲಿ ಸ್ಥಾಪನೆಯಾದ ಕ್ಲೋಸ್ಟರ್‌ನಾಯ್‌ಬುರ್ಗ್ ಮಠ ಒಂಬತ್ತು ಶತಮಾನ ಕಳೆದರೂ ವೈನು ಮಾಡುತ್ತಲೇ ಇದೆ. ಬವೇರಿಯಾದ ಬಿಷಪ್ಪರೂ ಇಲ್ಲಿ ತೋಟ ಇಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಪೀಪಾಯಿಗಳನ್ನು ದೋಣಿಗೆ ಹೇರಿ ನದಿಯ ಮೇಲ್ಮುಖಕ್ಕೆ ಸಾಗಿಸುತ್ತಿದ್ದರು. 1450ರ ಫಸಲು ಎಷ್ಟು ಹುಳಿಯಾಗಿತ್ತೆಂದರೆ, ಬೀದಿಗೆ ಚೆಲ್ಲುವ ಬದಲು ಸೇಂಟ್ ಸ್ಟೀಫನ್ ಕೆಥೆಡ್ರಲ್ಲಿನ ಗಾರೆ ಕಲಸಲು ಅದನ್ನೇ ಬಳಸಿ ಎಂದು ಮೂರನೇ ಫ್ರೆಡ್ರಿಕ್ ದೊರೆ ಅಪ್ಪಣೆ ಮಾಡಿದನಂತೆ. ಆ ಕಥೆಯನ್ನು ವಿಯೆನ್ನಾದ ಮಕ್ಕಳೂ ಹೇಳುತ್ತಾರೆ. 1683ರಲ್ಲಿ ಆಟೊಮನ್ ಸೇನೆ ಮುತ್ತಿಗೆ ಹಾಕಿದಾಗ ಊರ ಸುತ್ತಲ ಹಳ್ಳಿಗಳೂ ತೋಟಗಳೂ ಹಾಳಾದವು. ಬೇರು ಮಾತ್ರ ಸಾಯಲಿಲ್ಲ.

ಈ ಶತಮಾನಗಳುದ್ದಕ್ಕೂ ವೈನು ಯಾರು ಮಾರಬೇಕು, ಯಾರಿಂದ ಕೊಳ್ಳಬೇಕು ಎಂಬುದನ್ನು ಜಮೀನ್ದಾರ ಪ್ರಭುಗಳು, ಮಠಗಳು, ಪಟ್ಟಣದ ಸಂಘಗಳು ತೀರ್ಮಾನಿಸುತ್ತಿದ್ದವು. ದಶಾಂಶದ ಕಾಣಿಕೆ, ಪಾನೀಯದ ಮೇಲಿನ ತೆರಿಗೆ ಎಲ್ಲ ಬೆಳೆಗಾರನ ತಲೆಯ ಮೇಲೆ. ಪ್ರಭುವಿನ ಸೀಮೆಯಲ್ಲಿ ಹೋಟೆಲು ನಡೆಸುವವನು ಪ್ರಭುವಿನ ವೈನನ್ನೇ, ಅವನು ಕೂಗಿದ ಬೆಲೆಗೆ ಕೊಳ್ಳಬೇಕು. ಇಂದಿನ ಇಟಲಿ ಮತ್ತು ಸ್ಲೊವೇನಿಯಾ ಗಡಿಯಲ್ಲಿರುವ ಗೊರಿಝಿಯಾ ಸೀಮೆಯಲ್ಲಿ ಡೆಲ್‌ಮೆಸ್ಟ್ರಿ ಎಂಬ ಕೌಂಟ್ ಹೀಗೆ ತನ್ನ ವೈನನ್ನೇ ಮಾರಬೇಕೆಂದು ಒತ್ತಾಯ ಹೇರಿದ್ದ. ಬೇಸತ್ತ ಜನ ನೇರವಾಗಿ ವಿಯೆನ್ನಾಕ್ಕೆ ದೂರು ಕೊಟ್ಟರು. ಸಿಂಹಾಸನದಲ್ಲಿದ್ದವನು ಎರಡನೇ ಜೋಸೆಫ್. ಜೀತದಾಳುಗಳ ಕಟ್ಟು ಸಡಿಲಿಸಿ, ನೂರಾರು ಮಠಗಳನ್ನು ಮುಚ್ಚಿಸಿ, ದಿನಕ್ಕೊಂದು ಸುಧಾರಣೆ ಹೊರಡಿಸುತ್ತಿದ್ದ ದೊರೆ. ಒಬ್ಬ ಕೌಂಟನಿಗೆ ಬುದ್ಧಿ ಹೇಳಿ ಕಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಇಡೀ ರಾಜ್ಯಕ್ಕೆ ಅನ್ವಯಿಸುವ ಸುತ್ತೋಲೆಯನ್ನೇ ಹೊರಡಿಸಿದ.

ಆ ಸುತ್ತೋಲೆಯ ದಿನಾಂಕ 1784ರ ಆಗಸ್ಟ್ 17. ತಾನೇ ಉತ್ಪಾದಿಸಿದ ಆಹಾರ ಪದಾರ್ಥ, ವೈನು, ಹಣ್ಣಿನ ರಸವನ್ನು ವರ್ಷದ ಯಾವ ಕಾಲದಲ್ಲಾದರೂ, ತನಗೆ ಬೇಕಾದಂತೆ, ಬೇಕಾದ ಬೆಲೆಗೆ ಮಾರಲು ಪ್ರತಿಯೊಬ್ಬನಿಗೂ ಸ್ವಾತಂತ್ರ್ಯವಿದೆ ಎಂಬುದು ಅದರ ಸಾರ. ಸಣ್ಣ ಬೆಳೆಗಾರನ ಪಾಲಿಗೆ ಇದು ಎಂಥ ಬದಲಾವಣೆ ಎಂಬುದನ್ನು ಊಹಿಸಲು ಕನ್ನಡ ನಾಡಿನವರಿಗೆ ಕಷ್ಟವಾಗಬಾರದು. ಮಾರುಕಟ್ಟೆಗೆ ಟೊಮ್ಯಾಟೊ ಹೊತ್ತುಕೊಂಡು ಹೋಗಿ ದಲ್ಲಾಳಿ ಹೇಳಿದ ದರಕ್ಕೆ ತಲೆಯಾಡಿಸಿ ಬಂದ ಕೋಲಾರದ ರೈತನಿಗೆ ‘ಬೇಕಾದ ಬೆಲೆಗೆ’ ಎಂಬ ಎರಡು ಪದಗಳ ತೂಕ ಗೊತ್ತಿದೆ.

ಸ್ವಾತಂತ್ರ್ಯದ ಜೊತೆಗೆ ಕಟ್ಟಳೆಗಳೂ ಬೆಳೆದು ಬಂದವು. ಮಾರುವುದು ಸ್ವಂತ ತೋಟದ ವೈನೇ ಆಗಿರಬೇಕು. ಬಾಗಿಲು ತೆರೆದಿರುವಾಗ ಹಸಿರು ಟೊಂಗೆ ಕಟ್ಟಬೇಕು, ಪೀಪಾಯಿ ಬರಿದಾದರೆ ಇಳಿಸಬೇಕು. ಬಿಸಿ ಅಡುಗೆ ಮಾಡಿ ಹೋಟೆಲಿನವರ ಹೊಟ್ಟೆಯ ಮೇಲೆ ಹೊಡೆಯಬಾರದು. ತಣ್ಣನೆಯ ತಿಂಡಿ ಮಾತ್ರ. ಬಿಯರು, ಕಾಫಿಗೆ ಅಲ್ಲಿ ಜಾಗವಿಲ್ಲ. ಈ ನಿಯಮ ಪಾಲಿಸುವ ಮನೆಯನ್ನು ಆಸ್ಟ್ರಿಯಾದ ಕಾನೂನು ‘ಬುಷೆನ್‌ಷಾಂಕ್’ ಎಂದು ಕರೆದು ಹೋಟೆಲುಗಳಿಂದ ಬೇರೆಯಾಗಿ ಇಟ್ಟಿದೆ. ಹೋಟೆಲಿನ ಪರವಾನಗಿ ಪಡೆದು ಬಿಸಿ ಊಟ ಬಡಿಸುವ ದೊಡ್ಡ ಹೊಯ್ರಿಗರ್‌ಗಳೂ ಇವೆ, ಅವುಗಳ ದಾರಿ ಬೇರೆ. ಮಲೆನಾಡಿನ ಆಲೆಮನೆ ನೆನಪಿರುವವರಿಗೆ ಇದರ ಸ್ವಭಾವ ಬೇಗ ಅರ್ಥವಾದೀತು: ಬೆಳೆ ಕೈಗೆ ಬಂದಾಗ ತೆರೆದುಕೊಂಡು, ನೆರೆಹೊರೆಯವರು ಬಂದು ಕೂತು ಕುಡಿದು ಮಾತಾಡಿ, ಕೆಲಸ ಮುಗಿದೊಡನೆ ಮುಚ್ಚಿಕೊಳ್ಳುವ ಜಾಗ. ಈ ವ್ಯವಸ್ಥೆ ಎರಡು ಶತಮಾನಕ್ಕೂ ಮೀರಿ ಉಳಿದು ಬರಲು ಸ್ವಾತಂತ್ರ್ಯದಷ್ಟೇ ಈ ಕಟ್ಟುಗಳೂ ಕಾರಣ. ಸ್ವಂತ ತೋಟದ ಮಿತಿ ಇದ್ದುದರಿಂದಲೇ ಹಣವಂತನೊಬ್ಬ ಎಲ್ಲೆಲ್ಲಿಂದಲೋ ವೈನು ತರಿಸಿ ಇಡೀ ಬೀದಿಯನ್ನು ನುಂಗಿಹಾಕಲು ಆಗಲಿಲ್ಲ.

ಮೊದಮೊದಲು ತಿಂಡಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ರೂಢಿ. ಬುಟ್ಟಿಯಲ್ಲಿ ರೊಟ್ಟಿ, ಗಿಣ್ಣು, ಬೇಯಿಸಿದ ಮೊಟ್ಟೆ; ದುಡ್ಡು ಕೊಡುವುದು ವೈನಿಗೆ ಮಾತ್ರ. ಈಗ ಒಳಗಿನ ಕಟ್ಟೆಯಲ್ಲಿ ಕೆಂಪುಮೆಣಸಿನ ಪುಡಿ ಕಲಸಿದ ಲಿಪ್ಟಾವರ್ ಎಂಬ ಗಿಣ್ಣು, ಕೊಬ್ಬು ಸವರಿದ ಕಪ್ಪು ರೊಟ್ಟಿ, ಉಪ್ಪಿನಕಾಯಿ, ತಣ್ಣನೆಯ ಮಾಂಸದ ಹೋಳುಗಳನ್ನು ಇಟ್ಟಿರುತ್ತಾರೆ. ತಿಂಡಿಯನ್ನು ಕಟ್ಟೆಯಿಂದ ತಾವೇ ತಂದುಕೊಳ್ಳಬೇಕು. ವೈನನ್ನು ಮಾತ್ರ ಮೇಜಿಗೆ ತಂದುಕೊಡುತ್ತಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ಊರು ಉಬ್ಬಿತು. ಬಾಡಿಗೆ ಕೋಣೆಗಳ ಇಕ್ಕಟ್ಟಿನಿಂದ ಜನ ಭಾನುವಾರದಂದು ಹಳ್ಳಿಗಳ ಕಡೆ ಹೊರಟರು. ನುಸ್‌ಡಾರ್ಫ್, ಹೈಲಿಗೆನ್‌ಷ್ಟಾಟ್, ಗ್ರಿನ್‌ಜಿಂಗ್, ಸೀವರಿಂಗ್ ಎಲ್ಲ ಆಗ ಬೇರೆ ಬೇರೆ ಊರುಗಳು. ಕಿವುಡುತನ ಹೆಚ್ಚುತ್ತಿದ್ದ ಸಂಕಟದಲ್ಲಿ 1802ರಲ್ಲಿ ಬೀಥೋವನ್ ತನ್ನ ಸೋದರರಿಗೆ ಪತ್ರ ಬರೆದಿಟ್ಟದ್ದು ಹೈಲಿಗೆನ್‌ಷ್ಟಾಟ್‌ನಲ್ಲಿ. 1817ರಲ್ಲಿ ಅವನು ತಂಗಿದ್ದ, ಚರ್ಚಿನ ಪಕ್ಕದ ಮನೆಯೊಂದು ಇಂದು ಹೆಸರಾಂತ ಹೊಯ್ರಿಗರ್. 1874ರಲ್ಲಿ ನುಸ್‌ಡಾರ್ಫ್‌ನಿಂದ ಕಾಲೆನ್‌ಬೆರ್ಗ್ ಮೇಲಕ್ಕೆ ಹಲ್ಲುಗಾಲಿಯ ರೈಲು ಹಾಕಿದರು. ಆ ಬಗೆಯ ರೈಲು ಆಸ್ಟ್ರಿಯಾದಲ್ಲಿ ಅದೇ ಮೊದಲು. ಗುಡ್ಡ ಹತ್ತಲು ಬಂದವರು ಇಳಿಯುವಾಗ ಟೊಂಗೆ ಕಟ್ಟಿದ ಬಾಗಿಲನ್ನು ಹುಡುಕುತ್ತಿದ್ದರು.

ಅಲ್ಲಿಗೆ ಸಂಗೀತವೂ ಬಂತು. ಯೋಹಾನ್ ಮತ್ತು ಯೋಸೆಫ್ ಷ್ರಾಮಲ್ ಎಂಬ ಅಣ್ಣತಮ್ಮಂದಿರು ಶಾಸ್ತ್ರೀಯವಾಗಿ ಪಿಟೀಲು ಕಲಿತವರು. 1878ರಲ್ಲಿ ಗಿಟಾರ್ ವಾದಕ ಆಂಟನ್ ಷ್ಟ್ರೋಮಾಯರ್‌ನನ್ನು ಕೂಡಿಕೊಂಡು ಹೊಯ್ರಿಗರ್ ಅಂಗಳಗಳಲ್ಲಿ ನುಡಿಸತೊಡಗಿದರು. ಅವನದು ಮಾಮೂಲಿ ಗಿಟಾರ್ ಅಲ್ಲ. ಎರಡು ಕೊರಳಿನ, ಹೆಚ್ಚುವರಿ ಮಂದ್ರ ತಂತಿಗಳ ಗಿಟಾರ್. 1884ರಲ್ಲಿ ಗೇಯೊರ್ಗ್ ಡೆನ್ಸರ್ ತನ್ನ ಪುಟ್ಟ ಕ್ಲಾರಿನೆಟ್ ಹಿಡಿದು ಬಂದ ಮೇಲೆ ನಾಲ್ವರ ಮೇಳ ಪೂರ್ಣವಾಯಿತು. ಎರಡು ಪಿಟೀಲು ಮಾತಿಗೆ ಮಾತು ಜೋಡಿಸುತ್ತ, ಮೇಲೆ ಆ ಕೀಚಲು ಸಿಹಿಯ ಕ್ಲಾರಿನೆಟ್ ಹಕ್ಕಿಯಂತೆ ಹಾರುತ್ತ, ಕೆಳಗೆ ಗಿಟಾರ್ ನೆಲ ಹಿಡಿದು ನಡೆಯುತ್ತ ಇರುವ ಆ ನಾದ ವಿಯೆನ್ನಾವನ್ನು ಗೆದ್ದಿತು. ಸಾರೋಟು ಹೊಡೆಯುವವರು, ಬಟ್ಟೆ ಒಗೆಯುವವರು ಕೂತ ಬೆಂಚಿನ ಪಕ್ಕದಲ್ಲೇ ಶ್ರೀಮಂತರೂ ಕೂತು ಕೇಳಿದರು. ಯುವರಾಜ ರುಡಾಲ್ಫ್ ಅವರನ್ನು ಕರೆಸಿಕೊಂಡ. ಬ್ರಾಹ್ಮ್ಸ್, ಯೋಹಾನ್ ಸ್ಟ್ರೌಸ್‌ರಂಥವರು ಮೆಚ್ಚಿಕೊಂಡರು. ಅಣ್ಣ 1893ರಲ್ಲಿ, ತಮ್ಮ 1895ರಲ್ಲಿ ತೀರಿಕೊಂಡರು, ಇಬ್ಬರಿಗೂ ಆಗ ಇನ್ನೂ ನಲವತ್ತರ ಆಸುಪಾಸು. ಕ್ಲಾರಿನೆಟ್ಟಿನ ಜಾಗಕ್ಕೆ ಬರಬರುತ್ತ ಅಕಾರ್ಡಿಯನ್ ಬಂತು. ಇಂದು ಆ ಇಡೀ ಪ್ರಕಾರಕ್ಕೇ ಷ್ರಾಮಲ್ ಸಂಗೀತವೆಂದು ಹೆಸರು. ಪ್ರವಾಸಿಗರಿಗಾಗಿ ಅದನ್ನು ಎಷ್ಟೋ ಕಡೆ ಅಗ್ಗ ಮಾಡಿದ್ದಾರೆ ನಿಜ. ನಿಷ್ಠೆಯಿಂದ ನುಡಿಸುವವರ ಕೈಗೆ ಬಂದಾಗ ಮಾತ್ರ ಅದರ ಒಳಗಿನ ವಿಷಾದ ಹೊರಗೆ ಬರುತ್ತದೆ.

ಹಾಡು ಮೊಳಗುತ್ತಿದ್ದ ಅದೇ ವರ್ಷಗಳಲ್ಲಿ ನೆಲದೊಳಗೆ ಬೇರೆಯೇ ಆಟ ನಡೆದಿತ್ತು. ಅಮೆರಿಕದಿಂದ ತರಿಸಿದ ಬಳ್ಳಿಗಳ ಜೊತೆ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಯುರೋಪಿಗೆ ಬಂದಿತ್ತು. ಆಸ್ಟ್ರಿಯಾದಲ್ಲಿ ಅದು 1872ರಲ್ಲಿ ಪತ್ತೆಯಾದದ್ದು ಕ್ಲೋಸ್ಟರ್‌ನಾಯ್‌ಬುರ್ಗ್‌ನಲ್ಲಿ, ದ್ರಾಕ್ಷಿ ಕೃಷಿಗೆಂದೇ 1860ರಲ್ಲಿ ಶಾಲೆ ತೆರೆದಿದ್ದ ಊರಿನಲ್ಲಿ. ಕೆಲವೇ ದಶಕಗಳಲ್ಲಿ ತೋಟಗಳು ಒಣಗಿದವು. ಪರಿಹಾರ ಸಿಕ್ಕಿದ್ದೂ ಅಮೆರಿಕದಿಂದಲೇ: ಕೀಟವನ್ನು ತಡೆದುಕೊಳ್ಳುವ ಅಲ್ಲಿನ ಬೇರಿನ ಮೇಲೆ ಯುರೋಪಿನ ಕಣ್ಣು ಕಸಿ ಮಾಡುವುದು.

ಕೆಲವು ರೈತರು ಕಸಿಯ ಗೋಜಿಗೂ ಹೋಗದೆ ಅಮೆರಿಕದ ಬಳ್ಳಿಗಳನ್ನೇ ನೆಟ್ಟರು. ಅವುಗಳಲ್ಲಿ ಒಂದು ಇಸಾಬೆಲ್ಲಾ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ರೈತರು ತಲೆಮಾರುಗಳಿಂದ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಇದೇ ಇಸಾಬೆಲ್ಲಾ ವಂಶದ್ದು. ಸಿಪ್ಪೆ ಹಿಸುಕಿದೊಡನೆ ಜಾರಿ ಬಾಯಿಗೆ ಬೀಳುವ ತಿರುಳು, ಕೈಗೆ ಅಂಟಿ ಗಂಟೆಗಟ್ಟಲೆ ಉಳಿಯುವ ಪರಿಮಳ. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲಾಂಡ್‌ನಲ್ಲಿ ಇಂಥ ಹಣ್ಣಿನಿಂದ ಮಾಡುವ ಊಹುಡ್ಲರ್ ಎಂಬ ವೈನಿನ ಮಾರಾಟಕ್ಕೆ ಬಹುಕಾಲ ಕಾನೂನಿನ ತಡೆ ಇತ್ತು. ಈಗ ಅದು ಆ ಸೀಮೆಯ ಹೆಮ್ಮೆ. ಬೆಂಗಳೂರಿನವರು ಅದರ ಲೋಟವನ್ನು ಮೂಗಿನ ಹತ್ತಿರ ತಂದರೆ ಯಾರೂ ಪರಿಚಯ ಹೇಳಬೇಕಾಗಿಲ್ಲ.

ವಿಯೆನ್ನಾದ ತೋಟಗಳಿಗೆ ಕೀಟಕ್ಕಿಂತ ದೊಡ್ಡ ಅಪಾಯ ಇಟ್ಟಿಗೆಯದು. 1892ರಲ್ಲಿ ಗ್ರಿನ್‌ಜಿಂಗ್, ನುಸ್‌ಡಾರ್ಫ್ ಮುಂತಾದ ಹಳ್ಳಿಗಳನ್ನು ನಗರದೊಳಗೆ ಸೇರಿಸಿಕೊಂಡರು. ನದಿಯಾಚೆಯ ಷ್ಟಾಮರ್ಸ್‌ಡಾರ್ಫ್ ಸೇರಿದ್ದು 1938ರಲ್ಲಿ. ನಗರದೊಳಗೆ ಬಂದ ಹಳ್ಳಿಯ ಹೊಲ ಏನಾಗುತ್ತದೆಂದು ಬೆಂಗಳೂರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ 1905ರಲ್ಲಿ ವಿಯೆನ್ನಾದ ನಗರಸಭೆ ಊರ ಸುತ್ತಲಿನ ಕಾಡು ಮತ್ತು ಹುಲ್ಲುಗಾವಲಿನ ಪಟ್ಟಿಯನ್ನು ಕಟ್ಟಡಗಳಿಂದ ಕಾಯ್ದಿರಿಸುವ ನಿರ್ಣಯ ಮಾಡಿತು. ಇಳಿಜಾರುಗಳು ಇಂದು ಹಸಿರಾಗಿರುವುದರಲ್ಲಿ ಆ ನಿರ್ಣಯದ ಪಾಲು ದೊಡ್ಡದು. ನಗರಸಭೆ ತಾನೇ ಕೋಬೆನ್‌ಸ್ಲ್ ಗುಡ್ಡದಲ್ಲಿ ವೈನು ತೋಟ ನಡೆಸುತ್ತದೆ. ಊರ ಹೃದಯ ಭಾಗದ ಷ್ವಾರ್ಜೆನ್‌ಬೆರ್ಗ್ ಚೌಕದಲ್ಲೂ ಕಟ್ಟಡಗಳ ನಡುವೆ ಅಂಗೈಯಗಲದ ದ್ರಾಕ್ಷಿ ತೋಟವೊಂದು ಉಳಿದಿದೆ. ಅದರ ಒಂದಷ್ಟು ಬಾಟಲಿ ವೈನನ್ನು ಸೇವಾಕಾರ್ಯಕ್ಕೆಂದು ಹರಾಜು ಹಾಕುತ್ತಾರೆ.

ಇಲ್ಲಿಯ ಲೋಟದಲ್ಲಿ ಇರುವುದಾದರೂ ಏನು? ಬಹುಪಾಲು ಬಿಳಿ ವೈನು, ಅದರಲ್ಲೂ ಮುಖ್ಯವಾಗಿ ಗೆಮಿಷ್ಟರ್ ಸಾಟ್ಸ್. ನಾಲ್ಕಾರು ವೈನುಗಳನ್ನು ಆಮೇಲೆ ಬೆರೆಸಿದ್ದಲ್ಲ ಇದು, ತೋಟದಲ್ಲೇ ಬೆರಕೆ. ಒಂದೇ ಪಾತಿಯಲ್ಲಿ ಗ್ರ್ಯೂನರ್ ವೆಲ್ಟ್‌ಲೀನರ್, ರೀಸ್ಲಿಂಗ್, ವೈಸ್‌ಬುರ್ಗುಂಡರ್, ನಾಯ್‌ಬುರ್ಗರ್, ಟ್ರಾಮಿನರ್ ಬಳ್ಳಿಗಳು ಒಂದರ ಪಕ್ಕ ಒಂದು. ಕೊಯ್ಲೂ ಒಂದೇ ದಿನ, ಹಿಂಡುವುದೂ ಒಟ್ಟಿಗೆ, ಹುದುಗುವುದೂ ಒಂದೇ ತೊಟ್ಟಿಯಲ್ಲಿ. ಒಂದು ತಳಿ ಹೂ ಬಿಡುವಾಗ ಹಿಮ ಸುಟ್ಟರೆ ತಡವಾಗಿ ಹೂ ಬಿಡುವ ಇನ್ನೊಂದು ಕೈಹಿಡಿಯುತ್ತದೆ. ತಡವಾಗಿ ಪಕ್ವವಾಗುವುದು ಹುಳಿ ಕೊಡುತ್ತದೆ, ಬೇಗ ಪಕ್ವವಾದದ್ದು ಸಿಹಿ ಮತ್ತು ಪರಿಮಳ ಕೊಡುತ್ತದೆ. ವಿಮೆ ಎಂಬ ಮಾತು ಕೇಳಿರದ ಕಾಲದ ರೈತರು ಕಂಡುಕೊಂಡ ಭದ್ರತೆ ಇದು. ಅಕ್ಕಡಿ ಸಾಲಿನ ಬೇಸಾಯ ಬಲ್ಲವರು ಇದರ ಜಾಣತನಕ್ಕೆ ತಲೆದೂಗುತ್ತಾರೆ.

ಇಪ್ಪತ್ತನೇ ಶತಮಾನ ಇದನ್ನು ಹಿಂದುಳಿದ ಪದ್ಧತಿ ಎಂದಿತು. ಒಂದೊಂದು ಸಾಲಿಗೆ ಒಂದೊಂದೇ ತಳಿ ನೆಡಿ ಎಂದು ತಜ್ಞರು ಹೇಳಿದರು. ಹೊಯ್ರಿಗರ್‌ನ ಹೆಸರೂ ಮಂಕಾಗಿತ್ತು. ಗ್ರಿನ್‌ಜಿಂಗ್‌ನಲ್ಲಿ ಬಸ್ಸುಗಟ್ಟಲೆ ಪ್ರವಾಸಿಗರು ಬಂದಿಳಿಯತೊಡಗಿದ ಮೇಲೆ ಎಷ್ಟೋ ಕಡೆ ವೈನು ನೆಪಮಾತ್ರವಾಯಿತು. ಆಮೇಲೆ ಬಂತು 1985ರ ಹಗರಣ. ವೈನಿಗೆ ಸಿಹಿ ಮತ್ತು ಗಟ್ಟಿತನ ಬರಿಸಲು ಕೆಲವು ವ್ಯಾಪಾರಿಗಳು ಡೈಇಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ್ದು ಬಯಲಾಗಿ ಆಸ್ಟ್ರಿಯಾದ ವೈನು ರಫ್ತು ನೆಲಕಚ್ಚಿತು. ತಪ್ಪು ಮಾಡದ ಸಣ್ಣ ಬೆಳೆಗಾರನೂ ದಂಡ ತೆತ್ತ. ಅದೇ ವರ್ಷ ದೇಶ ಯುರೋಪಿನಲ್ಲೇ ಅತಿ ಕಟ್ಟುನಿಟ್ಟಾದ ವೈನು ಕಾನೂನುಗಳಲ್ಲಿ ಒಂದನ್ನು ತಂದಿತು.

ಆ ಪೆಟ್ಟಿನಿಂದ ಎದ್ದು ಬಂದ ತಲೆಮಾರು ಈ ಕಥೆಯ ಬಹುಮುಖ್ಯ ಪಾತ್ರ. ಷ್ಟಾಮರ್ಸ್‌ಡಾರ್ಫ್‌ನ ಫ್ರಿಟ್ಸ್ ವೀನಿಂಗರ್, ಮಾವರ್ ಭಾಗದ ರಿಚರ್ಡ್ ಜಾಹೆಲ್ ಮುಂತಾದವರು ತಾತಂದಿರ ಬೆರಕೆ ತೋಟಗಳನ್ನು ಕಿತ್ತುಹಾಕದೆ, ಅದೇ ಹಣ್ಣಿನಿಂದ ಎಚ್ಚರಿಕೆಯಿಂದ ವೈನು ಮಾಡಿ ಬಾಟಲಿಗೆ ತುಂಬಿದರು. ಕೊಡದಲ್ಲಿ ಅಗ್ಗವಾಗಿ ಮಾರುತ್ತಿದ್ದ ವೈನು ದೊಡ್ಡ ರೆಸ್ಟೋರೆಂಟುಗಳ ಪಟ್ಟಿಗೆ ಏರಿತು. ಸ್ಲೋ ಫುಡ್ ಚಳವಳಿ ಅದನ್ನು ಉಳಿಸಬೇಕಾದ ಪರಂಪರೆಗಳ ಸಾಲಿಗೆ ಸೇರಿಸಿತು. 2013ರಲ್ಲಿ ವೀನರ್ ಗೆಮಿಷ್ಟರ್ ಸಾಟ್ಸ್‌ಗೆ ಕಾನೂನಿನ ರಕ್ಷಣೆಯೂ ಸಿಕ್ಕಿತು: ಕನಿಷ್ಠ ಮೂರು ಬಿಳಿ ತಳಿ ಒಂದೇ ತೋಟದಲ್ಲಿ ಬೆಳೆದಿರಬೇಕು, ಯಾವುದೂ ಶೇಕಡಾ 50ನ್ನು ಮೀರಬಾರದು, ಮೂರನೆಯದು ಶೇಕಡಾ 10ಕ್ಕಿಂತ ಕಡಿಮೆಯಾಗಬಾರದು. ಇಷ್ಟು ವಿನಯದ ವೈನಿಗೆ ಇಷ್ಟು ನಿಖರವಾದ ಕಾವಲು ಸಿಕ್ಕಿದ್ದು ಸಂತೋಷದ ಸಂಗತಿ.

ಒಂದು ದಿನದಲ್ಲಿ ಮೂರು ಮನೆ ಸುತ್ತುವ ಗೆಳೆಯರಿಗೆ ವ್ಯತ್ಯಾಸ ನಾಲಿಗೆಯ ಮೇಲೇ ತಿಳಿಯುತ್ತದೆ. ನುಸ್‌ಬೆರ್ಗ್ ಇಳಿಜಾರಿನ ನೆಲ ಸುಣ್ಣಕಲ್ಲಿನದು; ಅಲ್ಲಿನ ವೈನಿಗೆ ಬಿಗಿ ಹೆಚ್ಚು, ಕೊನೆಯಲ್ಲಿ ಉಪ್ಪಿನಂಥ ಒಂದು ಎಳೆ. ನದಿ ದಾಟಿ ಬೀಸಾಂಬೆರ್ಗ್ ಕಡೆ ಹೋದರೆ ಗಾಳಿ ತಂದು ಒಟ್ಟಿದ ಮೆತ್ತನೆಯ ಲೋಯೆಸ್ ಮಣ್ಣು. ವೈನೂ ತುಸು ಮೃದು, ದುಂಡಗೆ. ಗ್ರ್ಯೂನರ್ ವೆಲ್ಟ್‌ಲೀನರ್ ಒಂಟಿಯಾಗಿ ಬಂದಾಗ ಕಾಳುಮೆಣಸಿನ ಘಾಟು ತಪ್ಪುವುದಿಲ್ಲ. ಬಲ್ಲವರು ಲೀಟರಿನ ಎಂಟನೇ ಒಂದು ಭಾಗದ ಅಳತೆಯಲ್ಲಿ ತರಿಸಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಮಾತಿನ ನಡುವೆ ನಿಧಾನಕ್ಕೆ ಕುಡಿಯುತ್ತಾರೆ. ಬಿಸಿಲು ಜೋರಾಗಿದ್ದರೆ ಸೋಡಾ ಬೆರೆಸಿದ ಗ್‌ಷ್ಪ್ರಿಟ್ಸರ್. ಸೆಪ್ಟೆಂಬರಿನಲ್ಲಿ ಹೋದವರಿಗೆ ಷ್ಟುರ್ಮ್ ಸಿಗುತ್ತದೆ, ಇನ್ನೂ ಹುದುಗುತ್ತಿರುವ ಕದಡು ಬಣ್ಣದ ರಸ. ಅದರ ಬಾಟಲಿಗೆ ಬಿಗಿಯಾದ ಮುಚ್ಚಳ ಹಾಕುವಂತಿಲ್ಲ. ಒಳಗಿನ ಅನಿಲ ಹೊರಹೋಗಬೇಕು. ಹೊಸ ವೈನು ಹಳೆಯದೆನಿಸಿಕೊಂಡು, ಈ ಸುಗ್ಗಿಯದಕ್ಕೆ ಪಟ್ಟ ಸಿಗುವುದು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಂದು.

2007ರಿಂದ ನಗರದಲ್ಲಿ ವೈನು ತೋಟಗಳ ನಡಿಗೆಯ ಹಬ್ಬವೂ ನಡೆಯುತ್ತಿದೆ. ಹಣ್ಣು ಮಾಗುವ ಕಾಲಕ್ಕೆ ಸಾವಿರಾರು ಜನ ಕಾಲುದಾರಿ ಹಿಡಿದು, ಬೆಳೆಗಾರರು ತೋಟದಂಚಿನಲ್ಲೇ ಹಾಕಿದ ಮೇಜುಗಳ ಬಳಿ ನಿಂತು ರುಚಿ ನೋಡುತ್ತಾರೆ. 2019ರಲ್ಲಿ ವಿಯೆನ್ನಾದ ಹೊಯ್ರಿಗರ್ ಸಂಸ್ಕೃತಿಯನ್ನು ಯುನೆಸ್ಕೋ ಒಪ್ಪಂದದಡಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಪಟ್ಟಿ ಸೇರಿದ ಮಾತ್ರಕ್ಕೆ ಚಿಂತೆ ತಪ್ಪಿಲ್ಲ. ಸಣ್ಣ ಮನೆಗಳು ಕಡಿಮೆಯಾಗುತ್ತಿವೆ, ನೆಲದ ಬೆಲೆ ಏರುತ್ತಿದೆ, ಬೆಳಿಗ್ಗೆ ತೋಟ ಸಂಜೆ ಅಂಗಳ ಎಂಬ ಎರಡು ಪಾಳಿಯ ದುಡಿಮೆಗೆ ಎಲ್ಲ ಮಕ್ಕಳೂ ಸಿದ್ಧರಿಲ್ಲ.

ದೂರು ಹೊರಟಿದ್ದ ದಕ್ಷಿಣದ ಸೀಮೆಯಲ್ಲೂ ಜೋಸೆಫನ ಅಪ್ಪಣೆ ಬದುಕಿದೆ. ಟ್ರಿಯೆಸ್ಟ್ ನಗರದ ಹಿಂದಿನ ಕಾರ್ಸ್ಟ್ ಪ್ರಸ್ಥಭೂಮಿಯಲ್ಲಿ ಇದರ ಸೋದರ ಪದ್ಧತಿಗೆ ಓಸ್ಮಿಟ್ಸಾ ಎಂದು ಹೆಸರು. ಎಂಟು ದಿನ ಮಾರಾಟ ಮಾಡುವ ಹಳೆಯ ರೂಢಿಯಿಂದ ಬಂದದ್ದು. ಆ ನೆಲ 1918ರ ತನಕ ಆಸ್ಟ್ರಿಯಾ, ಆಮೇಲೆ ಇಟಲಿ. ಎರಡನೇ ಮಹಾಯುದ್ಧದ ನಂತರ ಅದರ ಬಹುಭಾಗ ಯುಗೊಸ್ಲಾವಿಯಾ, 1991ರಿಂದ ಸ್ಲೊವೇನಿಯಾ. ಧ್ವಜಗಳು ಇಷ್ಟು ಸಲ ಬದಲಾದರೂ ಗಡಿಯ ಎರಡೂ ಕಡೆ ರೈತರು ಸರದಿಯಂತೆ ಬಾಗಿಲು ತೆರೆಯುತ್ತಾರೆ. ಅಲ್ಲಿ ಪೈನ್ ಟೊಂಗೆಯ ಬದಲು ಐವಿ ಬಳ್ಳಿಯ ಗೊಂಚಲು. ಕೂಡುರಸ್ತೆಯಲ್ಲಿ ಅದನ್ನು ಕಟ್ಟಿ, ಕೆಳಗೆ ಕೆಂಪು ಬಾಣ ಬರೆದ ಹಲಗೆ ಸಿಕ್ಕಿಸಿರುತ್ತಾರೆ. ಬಾಣ ಹಿಡಿದು ಹೋದರೆ ಮನೆಯಲ್ಲೇ ಒಣಗಿಸಿದ ಹಂದಿ ಮಾಂಸ, ಬೇಯಿಸಿದ ಮೊಟ್ಟೆ, ಕಬ್ಬಿಣದಂಶದ ಕೆಮ್ಮಣ್ಣಿನಲ್ಲಿ ಬೆಳೆದ ಕಡುಗೆಂಪು ತೆರಾನ್ ವೈನು. ಅದರ ದರ ಎಷ್ಟೆಂದು ಹೇಳುವವನು ಮನೆಯ ಯಜಮಾನ.